ತರಗೆಲೆಯ ಕೆಳಗೆ ಉಸಿರಾಡುವವರು

ಶಿರಸಿ, ಸಿದ್ದಾಪುರ, ಸಾಗರದ ಕಡೆ ಅಡಿಕೆ ಬೆಳೆಯುವವರ ಜಗಲಿಯಲ್ಲಿ ಕೂತರೆ ಮಾತು ಸುತ್ತಿ ಸುತ್ತಿ ಗೊಬ್ಬರಕ್ಕೇ ಬರುತ್ತದೆ. ಬೆಟ್ಟದಿಂದ ಸೊಪ್ಪು ಎಷ್ಟು ಹೊರೆ ಬಂತು, ದರಕು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಲು ಈ ವರ್ಷ ಆಳು ಸಿಕ್ಕಿದರೋ ಇಲ್ಲವೋ, ಕೊಟ್ಟಿಗೆ ಗೊಬ್ಬರ ಸಾಲದೆ ಚೀಲದ ಗೊಬ್ಬರ ಎಷ್ಟು ತರಬೇಕಾಯಿತು, ಇದೇ ಸುದ್ದಿ. ಅದರ ನಡುವೆ ಯಾರಾದರೊಬ್ಬರು ಎದುರಿನ ಕಾನಿನ ಕಡೆ ಕೈತೋರಿಸಿ, "ನಾವು ಇಷ್ಟೆಲ್ಲ ಹಾಕಿ ತೋಟ ಉಳಿಸ್ಕೊಳ್ತೇವೆ. ಆ ಕಾನಿಗೆ ಯಾರು ಗೊಬ್ಬರ ಹಾಕ್ತಾರೆ ಮಾರಾಯ್ರೆ?" ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಉತ್ತರ ಶಾಲೆಯ ಪುಸ್ತಕದಲ್ಲಿದೆ. ಗಾಳಿಯ ಶೇ. 78 ಪಾಲು ಸಾರಜನಕ. ಬೇರುಗಂಟುಗಳ ಬ್ಯಾಕ್ಟೀರಿಯಾ, ಮಣ್ಣಿನಲ್ಲಿ ತಮ್ಮ ಪಾಡಿಗೆ ಬದುಕುವ ಇನ್ನಷ್ಟು ಸೂಕ್ಷ್ಮಜೀವಿಗಳು, ಸ್ವಲ್ಪಮಟ್ಟಿಗೆ ಮಿಂಚು, ಇವೆಲ್ಲ ಸೇರಿ ಆ ಸಾರಜನಕವನ್ನು ಗಿಡಮರಗಳು ಉಣ್ಣುವ ರೂಪಕ್ಕೆ ತರುತ್ತವೆ. ಉದುರಿದ ಎಲೆ ಕೊಳೆತು ಹಳೆಯದನ್ನು ಮತ್ತೆ ಒದಗಿಸುತ್ತದೆ.

ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿರುವುದು ಇದರ ಬೆನ್ನಿಗೇ ಬರಬೇಕಾದ, ಆದರೆ ಯಾರೂ ಅಷ್ಟಾಗಿ ಕೇಳದ ಇನ್ನೊಂದು ಪ್ರಶ್ನೆ. ಹೀಗೆ ಬಂದದ್ದೆಲ್ಲ ಎಲ್ಲಿಗೆ ಹೋಗುತ್ತದೆ? ವರ್ಷ ವರ್ಷವೂ ಆಕಾಶದಿಂದ ಇಷ್ಟಿಷ್ಟು ಇಳಿಯುತ್ತಲೇ ಇದ್ದರೆ ಸಾವಿರಾರು ವರ್ಷ ನಿಂತ ಕಾನಿನಲ್ಲಿ ಅದು ರಾಶಿ ಬೀಳಬೇಕಿತ್ತು. ಬೀಳುವುದಿಲ್ಲ. ಬೆಳೆದು ಬಲಿತ ಕಾಡು ಒಂದು ಹಂತ ದಾಟಿದ ಮೇಲೆ ಹೊಸದಾಗಿ ಹೆಚ್ಚೇನೂ ಕೂಡಿಡುವುದಿಲ್ಲ. ಹಾಗಿದ್ದರೆ ಬರುವ ದಾರಿಯಷ್ಟೇ ಅಗಲವಾದ ಹೋಗುವ ದಾರಿಯೂ ಇರಬೇಕು.

ಮೊದಲು ನೆನಪಾಗುವ ದಾರಿ ನೀರಿನದು. ಎಲೆ ಕೊಳೆತಾಗ ಅದರ ಸಾರಜನಕ ಅಮೋನಿಯಂ ಆಗುತ್ತದೆ. ಅದನ್ನು ಬೇರೊಂದು ಗುಂಪಿನ ಜೀವಿಗಳು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಎಂದರೆ ನಮ್ಮ ಪೆಟ್ಲುಪ್ಪಿನಲ್ಲಿರುವ ವಸ್ತುವೇ. ಇದು ಬರಿಯ ರಸಾಯನಕ್ರಿಯೆ ಅಲ್ಲ, ಜೀವಿಗಳ ಕೆಲಸ ಎಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ತೋರಿಸಿದ ಬಗೆ ಬಲು ಅಚ್ಚುಕಟ್ಟು. ಮರಳು ತುಂಬಿದ ಉದ್ದನೆಯ ಕೊಳವೆಯಲ್ಲಿ ಚರಂಡಿ ನೀರು ಇಳಿಸಿದರು. ಕೆಲವು ದಿನಗಳಾದ ಮೇಲೆ ಕೆಳಗೆ ನೈಟ್ರೇಟ್ ಬರತೊಡಗಿತು. ಮೇಲಿನಿಂದ ಕ್ಲೋರೋಫಾರ್ಮ್ ಆವಿ ಬಿಟ್ಟರು, ನಿಂತುಹೋಯಿತು. ಕ್ಲೋರೋಫಾರ್ಮ್ ತೆಗೆದು ಒಂದಿಷ್ಟು ತೋಟದ ಮಣ್ಣು ಕದಡಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಪ್ರಜ್ಞೆ ತಪ್ಪಿಸುವ ವಸ್ತುವಿಗೆ ಸೋತು ನಿಲ್ಲುವುದು ಜೀವಿಗಳ ಕೆಲಸವೇ ಇರಬೇಕಲ್ಲ! ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದವರು 1890ರಲ್ಲಿ ರಷ್ಯಾದ ವಿನೊಗ್ರಾಡ್‌ಸ್ಕಿ.

ಈ ನೈಟ್ರೇಟ್ ಋಣ ವಿದ್ಯುದಂಶದ್ದು. ಮಣ್ಣಿನ ಜೇಡಿಯ ಕಣಗಳೂ ಬಹುಮಟ್ಟಿಗೆ ಋಣ ವಿದ್ಯುದಂಶದವೇ. ಆದ್ದರಿಂದ ಅವು ಅದನ್ನು ಹಿಡಿದುಕೊಳ್ಳುವುದಿಲ್ಲ. ಮಳೆ ಬಂದರೆ ನೀರಿನೊಂದಿಗೆ ಹೊರಟೇಬಿಡುತ್ತದೆ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಹೊಯ್ಯುತ್ತದೆ. ಅಷ್ಟು ನೀರು ತೊಳೆದುಕೊಂಡು ಹೋಗುವುದಾದರೆ ಕಾಡಿನ ಹಳ್ಳದಲ್ಲೆಲ್ಲ ನೈಟ್ರೇಟ್ ತುಂಬಿರಬೇಕು. ಆದರೆ ಪ್ರಪಂಚದ ಎಷ್ಟೋ ಕಡೆ ಕೈಮುಟ್ಟದ ಕಾಡಿನ ತೊರೆಗಳ ನೀರನ್ನು ಪರೀಕ್ಷಿಸಿದರೆ ಸಿಗುವ ನೈಟ್ರೇಟ್ ಬಹಳ ಕಡಿಮೆ. ಬೇರುಗಳು ಹೀರಿಕೊಳ್ಳುವುದು ದೊಡ್ಡ ಪಾಲು, ನಿಜ. ಹೀರಿಯೂ ಮಿಕ್ಕಿದ್ದು ಹಲವು ಕಾಡುಗಳಲ್ಲಿ ನೀರಿಗಿಂತ ಹೆಚ್ಚಾಗಿ ಗಾಳಿಯ ದಾರಿ ಹಿಡಿಯುತ್ತದೆ ಎಂಬುದು ಈಚಿನ ವರ್ಷಗಳಲ್ಲಿ ಸ್ಪಷ್ಟವಾಗಿದೆ. ಆ ದಾರಿಯನ್ನು ತೆರೆಯುವವರು ಮಣ್ಣಿನೊಳಗೆ ಉಸಿರಾಡುವ ಬ್ಯಾಕ್ಟೀರಿಯಾಗಳು.

ಉಸಿರಾಟ ಎಂದರೆ ಮೂಗಿನ ಕೆಲಸ ಎಂದು ನಾವು ಅಂದುಕೊಂಡಿರುತ್ತೇವೆ. ಜೀವಕೋಶದ ಮಟ್ಟಿಗೆ ಅದು ಇಲೆಕ್ಟ್ರಾನ್‌ಗಳ ಸಾಗಾಟ. ಉಂಡ ಅನ್ನದಿಂದ ಇಲೆಕ್ಟ್ರಾನ್‌ಗಳನ್ನು ಬಿಡಿಸಿ, ಹಂತ ಹಂತವಾಗಿ ಕೆಳಗಿಳಿಸಿ, ಆ ಇಳಿಜಾರಿನಲ್ಲಿ ಶಕ್ತಿ ಹಿಡಿದು, ಕೊನೆಗೆ ಅವನ್ನು ಯಾರಿಗಾದರೂ ಒಪ್ಪಿಸಬೇಕು. ನಮ್ಮಲ್ಲಿ ಒಪ್ಪಿಸಿಕೊಳ್ಳುವುದು ಆಮ್ಲಜನಕ. ಅದು ಸಿಗದಿದ್ದರೆ ನಾವು ಕೆಲವೇ ನಿಮಿಷಗಳಲ್ಲಿ ಮುಗಿದೆವು. ಮಣ್ಣಿನ ಈ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಇರುವಷ್ಟು ಹೊತ್ತು ಅದನ್ನೇ ಉಸಿರಾಡುತ್ತವೆ. ಜೋರು ಮಳೆ ಬಿದ್ದು ಮಣ್ಣಿನ ಸಂದುಗಳೆಲ್ಲ ನೀರು ತುಂಬಿ ಗಾಳಿ ಕಡಿಮೆಯಾದಾಗ ಅವು ಸಾಯುವುದಿಲ್ಲ, ನೈಟ್ರೇಟಿಗೆ ಬದಲಾಯಿಸಿಕೊಳ್ಳುತ್ತವೆ. ಹಾಗೆ ಉಸಿರಾಡುವಾಗ ಅದರ ಆಮ್ಲಜನಕವನ್ನು ಒಂದೊಂದಾಗಿ ಕಳಚುತ್ತ ಹೋಗುತ್ತವೆ. ನೈಟ್ರೇಟ್ ಮೊದಲು ನೈಟ್ರೈಟ್ ಆಗುತ್ತದೆ, ಅದು ನೈಟ್ರಿಕ್ ಆಕ್ಸೈಡ್, ಆಮೇಲೆ ನೈಟ್ರಸ್ ಆಕ್ಸೈಡ್, ಕಡೆಗೆ ಬರಿ ಸಾರಜನಕ. ಕೊನೆಯ ಮೂರೂ ಅನಿಲಗಳೇ. ನಾಲ್ಕು ಮೆಟ್ಟಿಲಿಗೆ ನಾಲ್ಕು ಬೇರೆ ಬೇರೆ ಕಿಣ್ವಗಳು, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಲೋಹ. ಮೊದಲನೆಯದರಲ್ಲಿ ಮಾಲಿಬ್ಡಿನಂ, ಎರಡನೆಯದರಲ್ಲಿ ಕಬ್ಬಿಣ ಇಲ್ಲವೇ ತಾಮ್ರ, ಮೂರನೆಯದರಲ್ಲಿ ಕಬ್ಬಿಣ, ನಾಲ್ಕನೆಯದರಲ್ಲಿ ತಾಮ್ರ. ತರಗೆಲೆಯ ಕೆಳಗಿನ ಒಂದು ಚಿಟಿಕೆ ಮಣ್ಣಿನಲ್ಲಿ ಇಷ್ಟು ನಾಜೂಕಿನ ಕೆಲಸ ನಡೆಯುತ್ತಿದೆ ಎಂಬುದನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ಇಳಿಯುವುದಿಲ್ಲ.

ತಾಮ್ರದ ಹೆಸರು ಬಂದಾಗ ಅಡಿಕೆ ತೋಟದವರಿಗೆ ಬೋರ್ಡೋ ದ್ರಾವಣ ನೆನಪಾಗದೆ ಇರದು. ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಆ ನೀಲಿ ಔಷಧಿಯನ್ನು ಮಳೆಗಾಲದ ಮುಂಚೆ ಒಮ್ಮೆ, ಮಳೆ ನಡುವೆ ಬಿಡುವು ನೋಡಿ ಮತ್ತೊಮ್ಮೆ ಅಡಿಕೆ ಕೊನೆಗಳಿಗೆ ಹೊಡೆಯದಿದ್ದರೆ ಕೊಳೆರೋಗ ಫಸಲನ್ನು ನೆಲಕ್ಕೆ ಉದುರಿಸುತ್ತದೆ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಈ ಔಷಧಿಯನ್ನು ಕೊಳೆರೋಗಕ್ಕೆ ಒಗ್ಗಿಸಿ ಕೊಟ್ಟರು. ಅದಕ್ಕೂ 25 ವರ್ಷ ಮೊದಲು, 1885ರಲ್ಲಿ, ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಇದನ್ನು ಕಂಡುಹಿಡಿದವರು ಮಿಲಾರ್ಡೆ. ಆ ಕೆಲಸದಲ್ಲಿ ಅವರ ಜೊತೆಗಿದ್ದ ರಸಾಯನ ವಿಜ್ಞಾನಿ ಯುಲಿಸ್ ಗಾಯೋಂ, ಪಾಶ್ಚರ್ ಅವರ ಶಿಷ್ಯ. ಇದೇ ಗಾಯೋಂ ಅದೇ ಕಾಲದಲ್ಲಿ, ಅದೇ ಊರಿನಲ್ಲಿ, ಗಾಬ್ರಿಯೆಲ್ ದ್ಯುಪೆತಿ ಎಂಬ ಸಹೋದ್ಯೋಗಿಯೊಂದಿಗೆ ಇನ್ನೊಂದು ಕೆಲಸ ಮಾಡುತ್ತಿದ್ದರು. ಚರಂಡಿ ನೀರಿಗೆ ಹಾಕಿದ ನೈಟ್ರೇಟ್ ಮಾಯವಾಗಿ ಅನಿಲದ ಗುಳ್ಳೆಗಳೇಳುವುದನ್ನು ಅವರು 1882ರಲ್ಲಿ ವರದಿ ಮಾಡಿದರು. 1886ರಲ್ಲಿ ಆ ಕೆಲಸ ಮಾಡುವ ಎರಡು ಬಗೆಯ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ಮಲೆನಾಡಿನ ತೋಟದ ಕೊನೆಯನ್ನು ಕಾಯುವ ಔಷಧಿಯ ಹಿಂದೆಯೂ, ಪಕ್ಕದ ಕಾನಿನ ಮಣ್ಣು ಬಿಡುವ ಉಸಿರಿನ ಮೊದಲ ಅರಿವಿನ ಹಿಂದೆಯೂ ಒಬ್ಬರೇ ಮನುಷ್ಯ ನಿಂತಿರುವುದು ನನಗೆ ತೀರ ಇಷ್ಟವಾದ ಸಂಗತಿ. ತೋಟದ ಮಾತಿಗೂ ಕಾಡಿನ ಮಾತಿಗೂ ನಡುವೆ ನಾವು ಹಾಕಿಕೊಂಡ ಬೇಲಿ ವಿಜ್ಞಾನದ ಚರಿತ್ರೆಯಲ್ಲಿ ಇಲ್ಲ.

ಬೇಸಾಯದ ವಿಜ್ಞಾನ ಮಾತ್ರ ಈ ಬ್ಯಾಕ್ಟೀರಿಯಾಗಳನ್ನು ಆವತ್ತಿನಿಂದ ಕಳ್ಳರ ಪಟ್ಟಿಗೆ ಸೇರಿಸಿತು. ದುಡ್ಡು ಕೊಟ್ಟು ತಂದ ಗೊಬ್ಬರವನ್ನು ಗಾಳಿಗೆ ಬಿಡುವವರು ಎಂಬ ಸಿಟ್ಟು. ನೀರು ನಿಂತ ಗದ್ದೆಗೆ ಯೂರಿಯಾ ಎರಚಿದವರ ಸಿಟ್ಟು ನ್ಯಾಯವಾದದ್ದೇ. ಮೇಲ್ಪದರದಲ್ಲಿ ನೈಟ್ರೇಟ್ ಆದದ್ದು ಗಾಳಿಯಿಲ್ಲದ ಕೆಳಪದರಕ್ಕಿಳಿದು ಅನಿಲವಾಗುತ್ತದೆ. ಆದರೂ ಕಳ್ಳ ಎಂಬ ಮಾತನ್ನು ಒಪ್ಪಲು ನನಗೆ ಮನಸ್ಸಿಲ್ಲ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ವಾತಾವರಣದಲ್ಲಿರುವ ಸಾರಜನಕ ಸುಮಾರು 40 ಕೋಟಿ ಕೋಟಿ ಟನ್. ನೆಲ, ಕಡಲು, ಕಾರ್ಖಾನೆ ಎಲ್ಲ ಸೇರಿ ವರ್ಷಕ್ಕೆ ಗಾಳಿಯಿಂದ ಇಳಿಸಿಕೊಳ್ಳುವ ಸಾರಜನಕ ಹೆಚ್ಚುಕಡಿಮೆ 40 ಕೋಟಿ ಟನ್. ಹಿಂದಿರುಗಿಸುವವರು ಯಾರೂ ಇಲ್ಲದೆ ಇದೇ ವೇಗದಲ್ಲಿ ಇಳಿಯುತ್ತ ಹೋದರೆ ಸುಮಾರು ಒಂದು ಕೋಟಿ ವರ್ಷದಲ್ಲಿ ಆಕಾಶದ ಸಾರಜನಕ ಬರಿದಾಗುತ್ತದೆ. ಭೂಮಿಯ ವಯಸ್ಸು 450 ಕೋಟಿ ವರ್ಷ ಮೀರಿದೆ. ಅಂದರೆ ನಾವು ಈಗ ಎಳೆದುಕೊಳ್ಳುವ ಉಸಿರಿನ ಮುಕ್ಕಾಲು ಪಾಲು ಹೀಗೆ ಮತ್ತೆ ಮತ್ತೆ ಇಳಿದು, ಮಣ್ಣು, ಕೆಸರು, ಕಡಲಿನ ತಳದ ಬ್ಯಾಕ್ಟೀರಿಯಾಗಳ ಮೈಯೊಳಗಿಂದ ಹಾದು ಮೇಲೇರಿ ಬಂದದ್ದು. ಬೇರುಗಂಟಿನ ರೈಜೋಬಿಯಂಗೆ ಪಾಠಪುಸ್ತಕದಲ್ಲಿ ಇಡೀ ಪುಟ ಕೊಡುವ ನಾವು ಈ ಹಿಂದಿರುಗಿಸುವವರಿಗೆ ಒಂದೇ ಸಾಲು ಕೊಡುತ್ತೇವೆ. ಸೋಯಾ ಬೇರಿನ ಗಂಟಿನಲ್ಲಿರುವ ಬ್ರಾಡಿರೈಜೋಬಿಯಂ ಎರಡೂ ಕೆಲಸ ಬಲ್ಲದು, ಗಾಳಿಯಿಂದ ಇಳಿಸುವುದನ್ನೂ ಗಾಳಿಗೆ ಬಿಡುವುದನ್ನೂ. ಒಳ್ಳೆಯವರು, ಕೆಟ್ಟವರು ಎಂಬ ವಿಂಗಡಣೆ ಅಲ್ಲಿಗೇ ಬಿದ್ದುಹೋಗುತ್ತದೆ.

ಇನ್ನೊಂದು ಅನುಮಾನ ಬರಬಹುದು. ಕಾಡಿನ ನೆಲ ಗದ್ದೆಯಂತೆ ನೀರು ನಿಂತದ್ದಲ್ಲವಲ್ಲ. ಎಲೆ ಹಾಸಿದ, ಇರುವೆ ಎರೆಹುಳು ಕೊರೆದ ಮೆದು ಮಣ್ಣು, ಗಾಳಿ ಧಾರಾಳ. ಅಲ್ಲಿ ಆಮ್ಲಜನಕವಿಲ್ಲದ ಜಾಗ ಎಲ್ಲಿಂದ ಬಂತು? ಈ ಅನುಮಾನ ವಿಜ್ಞಾನಿಗಳಿಗೂ ಇತ್ತು. ಉತ್ತರ ಮಣ್ಣಿನ ಹರಳಿನೊಳಗಿದೆ. ಆಮ್ಲಜನಕ ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನ. ಒದ್ದೆಯಾದ ಮಣ್ಣಿನ ಒಂದು ಚಿಕ್ಕ ಹೆಂಟೆಯ ಹೊರಮೈಯಲ್ಲಿ ಬೇಕಾದಷ್ಟು ಗಾಳಿ ಇದ್ದರೂ ಒಳಗೆ ತಲುಪುವಷ್ಟರಲ್ಲಿ ದಾರಿಯಲ್ಲಿರುವ ಜೀವಿಗಳು ಅದನ್ನು ಮುಗಿಸಿಬಿಡುತ್ತವೆ. 1985ರಲ್ಲಿ ಸೆಕ್ಸ್‌ಟೋನ್ ಮತ್ತು ಸಂಗಡಿಗರು ಕೂದಲೆಳೆಯಂಥ ಸಂವೇದಕವನ್ನು ಮಣ್ಣಿನ ಹೆಂಟೆಗಳೊಳಗೆ ಇಳಿಸಿ ಅಳೆದರು. ಕೆಲವೇ ಮಿಲಿಮೀಟರ್ ಒಳಗೆ ಆಮ್ಲಜನಕ ಸೊನ್ನೆಗೆ ಇಳಿದಿತ್ತು. ಹೊರಮೈಯಲ್ಲಿ ಗಾಳಿ ಬೇಡುವ ಜೀವಿಗಳು ನೈಟ್ರೇಟ್ ಮಾಡುತ್ತವೆ, ಅದು ನೀರಿನಲ್ಲಿ ಒಳಗಿಳಿಯುತ್ತದೆ, ಒಳಗಿನವು ಅದನ್ನು ಉಸಿರಾಡಿ ಅನಿಲ ಬಿಡುತ್ತವೆ. ಕಡಲೆಬೇಳೆ ಗಾತ್ರದ ಜಾಗದಲ್ಲಿ ಎರಡು ಲೋಕ.

ಇದಕ್ಕಿಂತಲೂ ನನ್ನ ಮನಸ್ಸಿನಲ್ಲಿ ನಿಂತದ್ದು 1987ರಲ್ಲಿ ತಿಮೊಥಿ ಪಾರ್ಕಿನ್ ಪ್ರಕಟಿಸಿದ ಕೆಲಸ. ಅಕ್ಕಪಕ್ಕದಲ್ಲೇ ತೆಗೆದ ಮಣ್ಣಿನ ಎರಡು ಮಾದರಿಗಳಲ್ಲಿ ಒಂದು ಬಹಳ ಅನಿಲ ಬಿಡುತ್ತದೆ, ಇನ್ನೊಂದು ಏನೂ ಬಿಡುವುದಿಲ್ಲ. ಯಾಕೆ ಹೀಗೆ ಎಂಬುದು ಆಗ ಎಲ್ಲರಿಗೂ ತಲೆನೋವು. ಪಾರ್ಕಿನ್ ಹೆಚ್ಚು ಅನಿಲ ಬಿಡುವ ಮಾದರಿಯನ್ನು ತುಂಡು ತುಂಡು ಮಾಡಿ, ಆ ತುಂಡುಗಳನ್ನು ಮತ್ತೆ ಒಡೆದು, ಅನಿಲ ಎಲ್ಲಿಂದ ಬರುತ್ತಿದೆ ಎಂದು ಬೆನ್ನಟ್ಟಿ ಹೋದರು. ಕೊನೆಗೆ ಸಿಕ್ಕಿದ್ದು ನಮ್ಮ ದಂಟು, ಹರಿವೆಯ ಕುಲಕ್ಕೇ ಸೇರಿದ ಒಂದು ಕಳೆಗಿಡದ ಕೊಳೆಯುತ್ತಿರುವ ಎಲೆಯ ಚೂರು. ತೂಕ 0.08 ಗ್ರಾಂ. ಇಡೀ ಮಾದರಿಯ ಅನಿಲದ ಶೇ. 85ರಷ್ಟು ಆ ಚೂರಿನಿಂದಲೇ ಬರುತ್ತಿತ್ತು. ಕೊಳೆಯುವ ಎಲೆ ಬ್ಯಾಕ್ಟೀರಿಯಾಗಳಿಗೆ ಊಟ. ಊಟದ ಭರದಲ್ಲಿ ಸುತ್ತಲಿನ ಆಮ್ಲಜನಕ ಮುಗಿಯುತ್ತದೆ. ಮುಗಿದಲ್ಲಿ ನೈಟ್ರೇಟಿನ ಉಸಿರಾಟ ಶುರು. ಎಲೆಯೊಂದೇ ಅನ್ನವನ್ನೂ ಒದಗಿಸಿತು, ಬಾಗಿಲನ್ನೂ ಹಾಕಿತು. ಅದು ಹೊಲದ ಮಣ್ಣಿನ ಮಾತು. ಎಲೆಯನ್ನೇ ಹೊದ್ದು ಮಲಗಿದ ಕಾಡಿನ ನೆಲದಲ್ಲಿ ಇಂಥ ಚೂರುಗಳು ಎಷ್ಟು ಲಕ್ಷ ಇರಬೇಡ!

ಜಾಗದಂತೆ ಹೊತ್ತಿನ ಮಾತೂ ಇದೆ. ಈ ಕೆಲಸ ಒಂದೇ ಸಮ ನಡೆಯುವುದಲ್ಲ. ಬಹಳ ದಿನ ಒಣಗಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಕೊಳೆಯುವ ಕೆಲಸ ಹಠಾತ್ತನೆ ಭುಗಿಲೇಳುತ್ತದೆ ಎಂದು 1958ರಲ್ಲಿ ಕೀನ್ಯಾದ ಮಣ್ಣುಗಳಲ್ಲಿ ಬರ್ಚ್ ಎಂಬವರು ತೋರಿಸಿದರು. ಸತ್ತು ಒಣಗಿದ ಸೂಕ್ಷ್ಮಜೀವಿಗಳೇ ಬದುಕುಳಿದವಕ್ಕೆ ಊಟವಾಗುತ್ತವೆ. ಬೇಸಿಗೆಯಲ್ಲಿ ಕೂಡಿಕೊಂಡಿದ್ದ ನೈಟ್ರೇಟ್ ಅಲ್ಲೇ ಇರುತ್ತದೆ, ಬೇರುಗಳು ಇನ್ನೂ ಪೂರ್ತಿ ಎಚ್ಚತ್ತಿರುವುದಿಲ್ಲ. ಭರಣಿ, ಕೃತ್ತಿಕೆಯ ಬಿಡಿ ಮಳೆಗಳ ಕಾಲ ನಮ್ಮ ಮಣ್ಣಿಗೂ ಅಂಥ ಹೊತ್ತೇ. ಆಗ ಮೂಗಿಗೆ ಬರುವ ಮಣ್ಣಿನ ಕಂಪು ಬೇರೆ ಜೀವಿಗಳು ಮಾಡಿದ ಜಿಯೋಸ್ಮಿನ್‌ನದು. ನೈಟ್ರೇಟಿನಿಂದ ಹುಟ್ಟಿ ಮೇಲೇರುವ ಸಾರಜನಕ ಮೂಗಿಗೂ ಕಣ್ಣಿಗೂ ತಿಳಿಯದೆ ಹೋಗಿಬಿಡುತ್ತದೆ. ಚಳಿ ದೇಶಗಳಲ್ಲಿ ಆ ಹೊತ್ತು ಹಿಮ ಕರಗುವಾಗ ಬರುತ್ತದೆ. ಜರ್ಮನಿಯ ಬವೇರಿಯದ ಹೋಗ್ಲ್‌ವಾಲ್ಡ್ ಎಂಬ ಸ್ಪ್ರೂಸ್ ಕಾಡಿನಲ್ಲಿ 1990ರ ದಶಕದಿಂದ ಹಲವು ವರ್ಷ ಬಿಡದೆ ಅಳೆದರು. ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿದ ವರ್ಷಗಳಲ್ಲಿ, ಇಡೀ ವರ್ಷದ ನೈಟ್ರಸ್ ಆಕ್ಸೈಡಿನ ಬಹುಪಾಲು, ಕರಗುವ ಆ ಕೆಲವು ವಾರಗಳಲ್ಲೇ ಹೊರಬಿದ್ದದ್ದು ಅವರಿಗೆ ಕಂಡಿತು. ತಿಂಗಳಿಗೊಮ್ಮೆ ಹೋಗಿ ಅಳೆದು ಬರುವವರಿಗೆ ಇದು ಸಿಗುವುದೇ ಇಲ್ಲ.

ಅಳೆಯುವುದೇ ಈ ವಿದ್ಯೆಯ ದೊಡ್ಡ ಕಷ್ಟ. ಕೊನೆಗೆ ಹೊರಬರುವುದು ಸಾರಜನಕ, ಸುತ್ತಲೂ ತುಂಬಿರುವುದೂ ಸಾರಜನಕ. ಜಾತ್ರೆಯ ಗದ್ದಲದಲ್ಲಿ ನಿಂತು ಒಬ್ಬರ ಪಿಸುಮಾತನ್ನು ಅಳೆಯುವಂಥ ಕೆಲಸ ಅದು. 1976ರಲ್ಲಿ ಒಂದು ಉಪಾಯ ಸಿಕ್ಕಿತು. ಅಸಿಟಿಲೀನ್ ಅನಿಲ ಕೊಟ್ಟರೆ ಬ್ಯಾಕ್ಟೀರಿಯಾಗಳ ಕೊನೆಯ ಕಿಣ್ವ ಕೆಲಸ ನಿಲ್ಲಿಸುತ್ತದೆ, ಎಲ್ಲವೂ ನೈಟ್ರಸ್ ಆಕ್ಸೈಡಿನಲ್ಲೇ ನಿಲ್ಲುತ್ತದೆ, ಅದು ಗಾಳಿಯಲ್ಲಿ ಅತ್ಯಲ್ಪವಾದ್ದರಿಂದ ಅಳೆಯುವುದು ಸುಲಭ. ಆದರೆ ಅದೇ ಅಸಿಟಿಲೀನ್ ನೈಟ್ರೇಟ್ ಮಾಡುವ ಜೀವಿಗಳನ್ನೂ ತಡೆಯುತ್ತದೆ. ಕಾಡಿನ ಮಣ್ಣಿನಲ್ಲಿ ನೈಟ್ರೇಟ್ ಹುಟ್ಟಿದ ಹಾಗೇ ಖರ್ಚಾಗುವುದರಿಂದ ಈ ಅಳತೆ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಹೀಗಾಗಿ ಕಾಡಿನಲ್ಲಿ ಈ ದಾರಿ ಸಣ್ಣದು ಎಂಬ ನಂಬಿಕೆ ಬಹಳ ವರ್ಷ ಉಳಿದುಬಿಟ್ಟಿತು.

ಅದನ್ನು ಸಡಿಲಿಸಿದ್ದು ಪರಮಾಣುಗಳ ತೂಕ. ಸಾರಜನಕದ ಸಾವಿರ ಪರಮಾಣುಗಳಲ್ಲಿ ಮೂರೋ ನಾಲ್ಕೋ ಸ್ವಲ್ಪ ಭಾರದವು. ಬ್ಯಾಕ್ಟೀರಿಯಾಗಳು ಹಗುರವಾದದ್ದನ್ನು ತುಸು ಬೇಗ ಬಳಸುತ್ತವೆ, ಹಾಗಾಗಿ ಉಳಿದ ನೈಟ್ರೇಟಿನಲ್ಲಿ ಭಾರದವುಗಳ ಪಾಲು ಏರುತ್ತದೆ. ಹೋದದ್ದು ಕೈಗೆ ಸಿಗದಿದ್ದರೂ ಉಳಿದದ್ದರ ಮೈಮೇಲೆ ಗುರುತು ಬಿದ್ದಿರುತ್ತದೆ. ಹವಾಯಿಯ ಮಾಉಯಿ ದ್ವೀಪದ ಮಳೆಕಾಡಿನಲ್ಲಿ ಹೌಲ್ಟನ್, ಸಿಗ್ಮನ್, ಹೆಡಿನ್ ಈ ಗುರುತನ್ನು ಓದಿ 2006ರಲ್ಲಿ ಬರೆದರು: ಕಾಡು ಕಳೆದುಕೊಳ್ಳುವ ಸಾರಜನಕದ ಶೇ. 24ರಿಂದ 53ರಷ್ಟು ಬ್ಯಾಕ್ಟೀರಿಯಾಗಳ ಉಸಿರಿನ ಮೂಲಕ ಅನಿಲವಾಗಿ ಹೋಗುತ್ತದೆ.

ಇದರ ಮುಂದಿನ ಹೆಜ್ಜೆ ಏಷ್ಯಾದ್ದು. ದಕ್ಷಿಣ ಚೀನಾ ಮತ್ತು ಜಪಾನಿನ ಆರು ಕಾಡುಗಳಲ್ಲಿ ಫಾಂಗ್, ಕೋಬಾ ಮತ್ತಿತರರು ಮಾಡಿದ ಕೆಲಸ 2015ರಲ್ಲಿ ಹೊರಬಂತು. ಅವರು ಸಾರಜನಕದ ಜೊತೆಗೆ ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೂ ವಿಚಾರಿಸಿದರು. ಆಕಾಶದಲ್ಲಿ ಹುಟ್ಟಿ ಮಳೆಯೊಂದಿಗೆ ಇಳಿಯುವ ನೈಟ್ರೇಟ್ ತನ್ನ ಆಮ್ಲಜನಕದಲ್ಲಿ ಓಝೋನಿನ ಒಂದು ವಿಶೇಷ ಗುರುತನ್ನು ಹೊತ್ತು ತರುತ್ತದೆ. ಮಣ್ಣಿನಲ್ಲಿ ಹುಟ್ಟಿದ್ದಕ್ಕೆ ಆ ಗುರುತಿಲ್ಲ. ಮಳೆಯಲ್ಲಿ ಆ ಗುರುತು ಎಷ್ಟಿತ್ತು, ತೊರೆಯಲ್ಲಿ ಎಷ್ಟು ಉಳಿಯಿತು ಎಂದು ಹೋಲಿಸಿದರೆ ನಡುವೆ ಮಣ್ಣಿನಲ್ಲಿ ಎಷ್ಟು ಹೊಸದು ಹುಟ್ಟಿತು, ಎಷ್ಟು ಹೋಯಿತು ಎಂಬ ಲೆಕ್ಕ ಬಿಚ್ಚಿಕೊಳ್ಳುತ್ತದೆ. ಬಂದ ಉತ್ತರ ಎಲ್ಲರ ಎಣಿಕೆ ಮೀರಿದ್ದು. ಕಾಡಿನಿಂದ ಕಳೆದುಹೋಗುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧದಿಂದ ಐದರಲ್ಲಿ ನಾಲ್ಕು ಪಾಲಿಗೂ ಮೀರಿ ಅನಿಲದ ದಾರಿಯಲ್ಲೇ ಹೋಗುತ್ತಿತ್ತು. ಇಳಿಜಾರಿನ ಕಾಡು, ನೀರು ನಿಲ್ಲದ ನೆಲ, ಅಂಥಲ್ಲೂ ಇಷ್ಟು! ಈ ಫಲಿತಾಂಶ ಓದಿದ ಮೇಲೆ ಕಾನಿನೊಳಗೆ ಕಾಲಿಡುವಾಗ ಕಾಲ ಕೆಳಗಿನದರ ಬಗ್ಗೆ ನನಗೆ ಬೇರೆಯೇ ಒಂದು ಗೌರವ ಬಂದಿದೆ.

ಹಾಗೆಂದು ಬ್ಯಾಕ್ಟೀರಿಯಾಗಳೇ ಎಲ್ಲವನ್ನೂ ನೋಡಿಕೊಳ್ಳುತ್ತವೆ ಎಂದರೆ ಮರಕ್ಕೆ ಅನ್ಯಾಯವಾಗುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಹಬ್ಬರ್ಡ್ ಬ್ರೂಕ್ ಎಂಬ ಕಾಡಿದೆ. ಅಲ್ಲಿ ಬೋರ್ಮನ್, ಲೈಕೆನ್ಸ್ ಮತ್ತು ಸಂಗಡಿಗರು 1965ರ ಕೊನೆಯಲ್ಲಿ ಒಂದು ಸಣ್ಣ ಕಣಿವೆಯ 15.6 ಹೆಕ್ಟೇರಿನ ಮರಗಳನ್ನೆಲ್ಲ ಕಡಿಸಿದರು. ಕಡಿದ ಮರವನ್ನು ಅಲ್ಲೇ ಬಿಟ್ಟರು, ಮತ್ತೆ ಚಿಗುರದಂತೆ ಮೂರು ವರ್ಷ ಕಳೆನಾಶಕ ಹೊಡೆದರು. ಮಣ್ಣು ಹಾಗೇ ಇತ್ತು, ಅದರೊಳಗಿನ ಜೀವಿಗಳೂ ಇದ್ದವು. ಆದರೆ ತೊರೆಯ ನೈಟ್ರೇಟ್ ಮೊದಲ ವರ್ಷದಲ್ಲೇ 40 ಪಟ್ಟು ಏರಿತು, ಎರಡನೆಯ ವರ್ಷ ಇನ್ನೂ ಮೇಲೆ ಹೋಗಿ ಕುಡಿಯುವ ನೀರಿನ ಮಿತಿಯನ್ನೇ ದಾಟಿತು. ಬೇರು ಹೀರುವುದು ನಿಂತಾಗ ಉಸಿರಾಡುವವರ ಕೈಗೆ ಸಿಗುವ ಮೊದಲೇ ನೀರು ಅದನ್ನು ಹೊತ್ತೊಯ್ಯಿತು. ಮರ ಮತ್ತು ಮಣ್ಣು ಜೋಡಿಯಾಗಿ ಮಾಡುವ ಕೆಲಸವನ್ನು ಒಂಟಿ ಮಣ್ಣು ಮಾಡಲಾರದು.

ಈಗ ಆ ನಾಲ್ಕನೆಯ ಮೆಟ್ಟಿಲಿನ, ನೈಟ್ರಸ್ ಆಕ್ಸೈಡ್ ಸಾರಜನಕವಾಗುವ ಹಂತದ, ವಿಷಯ. ನೈಟ್ರಸ್ ಆಕ್ಸೈಡ್ ಎಂದರೆ ನಗೆ ಅನಿಲ. 1799ರಲ್ಲಿ ಬ್ರಿಸ್ಟಲ್‌ನಲ್ಲಿ ಹಂಫ್ರಿ ಡೇವಿ ತಾವೇ ಉಸಿರೆಳೆದು ಪರೀಕ್ಷಿಸಿ, ನೋವು ಮರೆಸುವ ಅದರ ಗುಣವನ್ನು ಬರೆದಿಟ್ಟರು. ಹಲ್ಲು ಕೀಳುವಾಗ ಅದನ್ನು ಬಳಸತೊಡಗಿದ್ದು 1844ರಲ್ಲಿ. ಕಾಡಿನ ಮಣ್ಣಿನಿಂದಲೂ ಏಳುವ ಇದೇ ಅನಿಲ ಮೇಲೇರಿದರೆ ನೂರು ವರ್ಷಕ್ಕೂ ಮೀರಿ ವಾತಾವರಣದಲ್ಲಿ ಉಳಿಯುತ್ತದೆ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಎತ್ತರದಲ್ಲಿ ಇದರಿಂದ ಹುಟ್ಟುವ ಆಕ್ಸೈಡುಗಳು ಓಝೋನನ್ನು ತಿನ್ನುತ್ತವೆ ಎಂದು 1970ರಲ್ಲಿ ಪಾಲ್ ಕ್ರುಟ್ಜೆನ್ ತೋರಿಸಿದರು. 1995ರ ನೊಬೆಲ್ ಅವರಿಗೂ ಇನ್ನಿಬ್ಬರಿಗೂ ಕೂಡಿ ಬಂತು. ಈ ಶತಮಾನದಲ್ಲಿ ಮನುಷ್ಯರು ಹೊರಬಿಡುತ್ತಿರುವ ಓಝೋನ್ ನಾಶಕಗಳಲ್ಲಿ ಮೊದಲ ಸ್ಥಾನ ಇದಕ್ಕೇ ಎಂದು 2009ರಲ್ಲಿ ಲೆಕ್ಕ ಮಾಡಿ ಹೇಳಿದವರಲ್ಲಿ ಮೊದಲ ಹೆಸರು ಎ.ಆರ್. ರವಿಶಂಕರ ಅವರದು. ಹೆಸರಿನ ಮೊದಲಕ್ಷರ ಅಕ್ಕಿಹೆಬ್ಬಾಳು, ನಮ್ಮ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ ತಾಲ್ಲೂಕಿನದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದವರು. ಆ ಹೆಸರನ್ನು ಇಲ್ಲಿ ಬರೆಯುವಾಗ ನನಗೆ ಹೆಮ್ಮೆಯಾಗುತ್ತದೆ.

ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ನೂರು ಕೋಟಿ ಪಾಲಿನಲ್ಲಿ ಸುಮಾರು 270 ಪಾಲು ಇದ್ದ ನೈಟ್ರಸ್ ಆಕ್ಸೈಡ್ ಈಗ 335ನ್ನು ದಾಟಿದೆ. ಆ ಏರಿಕೆಯ ಹೊಣೆ ಕಾಡಿನದಲ್ಲ. ಬಹುಪಾಲು ನಮ್ಮ ಹೊಲಗಳ ಗೊಬ್ಬರದ್ದು. ಆದರೂ ಕಾಡಿನ ಮಣ್ಣೊಂದು ಕೊನೆಯ ಮೆಟ್ಟಿಲಿನವರೆಗೂ ಹೋಗಿ ಸಾರಜನಕ ಬಿಡುತ್ತದೆಯೋ, ಮೂರನೆಯದರಲ್ಲೇ ನಿಂತು ನಗೆ ಅನಿಲ ಬಿಡುತ್ತದೆಯೋ ಎಂಬುದು ದೊಡ್ಡ ವ್ಯತ್ಯಾಸದ ಮಾತು. ನಿಲ್ಲುವುದಕ್ಕೆ ಕಾರಣಗಳಿವೆ. ಮಣ್ಣು ಹುಳಿಯಾದರೆ ತಾಮ್ರದ ಆ ಕೊನೆಯ ಕಿಣ್ವ ಸರಿಯಾಗಿ ಜೋಡಣೆಯಾಗುವುದಿಲ್ಲ. ಅದರ ವಂಶವಾಹಿ ಎಚ್ಚರವಾಗಿದ್ದರೂ ಕಿಣ್ವ ಕೆಲಸಕ್ಕೆ ಬರುವುದಿಲ್ಲ ಎಂದು ನಾರ್ವೆಯ ಸಂಶೋಧಕರು ತೋರಿಸಿದ್ದಾರೆ. ಮಳೆ ಹೆಚ್ಚಾದ ಕಡೆಯ ಕಾಡುಮಣ್ಣು ಸುಣ್ಣದಂಶ ತೊಳೆದುಹೋಗಿ ಹುಳಿಯಾಗಿರುವುದೇ ಹೆಚ್ಚು, ನಮ್ಮ ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣೂ ಹಾಗೇ. ಇದೇ ಉಸಿರಾಟ ನಡೆಸುವ ಶಿಲೀಂಧ್ರಗಳಿಗೆ ಆ ಕೊನೆಯ ಕಿಣ್ವವೇ ಇಲ್ಲ. ಹಲವು ಬ್ಯಾಕ್ಟೀರಿಯಾಗಳಿಗೂ ಇಲ್ಲ. ಇದಕ್ಕೆ ಉಲ್ಟಾ, ಮೊದಲಿನ ಮೆಟ್ಟಿಲುಗಳ ಗೊಡವೆಯಿಲ್ಲದೆ ಬೇರೆಯವರು ಬಿಟ್ಟ ನೈಟ್ರಸ್ ಆಕ್ಸೈಡನ್ನೇ ಹೆಕ್ಕಿ ಉಸಿರಾಡುವ ಬ್ಯಾಕ್ಟೀರಿಯಾಗಳೂ ಮಣ್ಣಿನಲ್ಲಿ ಧಾರಾಳವಾಗಿವೆ ಎಂಬುದು 2012ರ ಹೊತ್ತಿಗೆ ಬೆಳಕಿಗೆ ಬಂತು. ಒಬ್ಬರು ಅರ್ಧಕ್ಕೆ ಬಿಟ್ಟದ್ದನ್ನು ಪಕ್ಕದವರು ಪೂರೈಸುತ್ತಾರೆ. ಅನಿಲ ಮಣ್ಣಿನಿಂದ ಹೊರಬೀಳುವ ಮೊದಲು ಅವರ ಕೈಗೆ ಸಿಗಬೇಕು, ಅಷ್ಟೇ. ತರಗೆಲೆಯ ದಪ್ಪ ಹೊದಿಕೆ ಆ ದಾರಿಯನ್ನು ಉದ್ದ ಮಾಡುತ್ತದೆ.

ಸದಾ ನೀರು ನಿಂತ ಕಾಡಿನ ನೆಲದಲ್ಲಿ ಹೇಗೆ? ಸಿದ್ದಾಪುರದ ಕಡೆ ಕತ್ತಲೆಕಾನು ಎಂಬ ಜಾಗವಿದೆ. ಅಲ್ಲಿರುವುದು ರಾಮಪತ್ರೆ ಜಡ್ಡಿ ಎಂದರೆ ಆ ಕಡೆಯವರಿಗೆ ತಿಳಿಯುತ್ತದೆ: ಹಳ್ಳದ ಬದಿಯ ಕೆಸರಿನಲ್ಲಿ ನಿಂತು, ಬೇರುಗಳನ್ನು ಮಂಡಿಯಂತೆ ಮಡಚಿ ಗಾಳಿಗೆ ಎತ್ತಿ ಹಿಡಿದ ಮರಗಳು. ಬೇರೆಲ್ಲೂ ಕಾಣದಿದ್ದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು 2000ದಲ್ಲಿ ಗುರುತಿಸಿ ಹೆಸರಿಟ್ಟದ್ದು ಇಲ್ಲಿಂದಲೇ. ಕೆಸರಿನಲ್ಲಿ ಆಮ್ಲಜನಕವಿಲ್ಲ, ಅದಕ್ಕೇ ಬೇರು ಮೇಲೆ ಬರಬೇಕಾಗಿದೆ. ಅಲ್ಲಿ ನೈಟ್ರೇಟಿನ ಉಸಿರಾಟ ಬಹಳ ಜೋರಾಗಿರಬೇಕು ಎಂದು ಮೊದಲಿಗೆ ಅನ್ನಿಸುತ್ತದೆ. ಆದರೆ ನೈಟ್ರೇಟ್ ಹುಟ್ಟಲು ಗಾಳಿ ಬೇಕು. ಸದಾ ನೀರು ನಿಂತ ನಡುಭಾಗದಲ್ಲಿ ಅದು ಹುಟ್ಟುವುದೇ ಕಡಿಮೆ. ಕೆಲಸ ನಡೆಯುವುದು ಅಂಚಿನಲ್ಲಿ. ಇಳಿಜಾರಿನ ಒಣ ಮಣ್ಣಿನಲ್ಲಿ ಹುಟ್ಟಿದ ನೈಟ್ರೇಟ್ ನೀರಿನೊಂದಿಗೆ ಇಳಿದು ಕೆಸರಿಗೆ ತಾಗುವ ಗೆರೆಯಲ್ಲಿ, ಮತ್ತು ಆ ಮಂಡಿಬೇರುಗಳು ಒಳಕ್ಕೆ ಸೋರಿಸುವ ಒಂದಿಷ್ಟು ಗಾಳಿಯ ಸುತ್ತ.

ಅಂಚಿನ ಮಹತ್ವವನ್ನು ಅಳೆದು ತೋರಿಸಿದ ಹೊಲವೊಂದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿದೆ, ರೋಡ್ ನದಿಯ ಬದಿಯಲ್ಲಿ. ಮೇಲೆ ಮೆಕ್ಕೆಜೋಳದ ಹೊಲ, ಕೆಳಗೆ ತೊರೆ, ನಡುವೆ ಸುಮಾರು 50 ಮೀಟರ್ ಅಗಲದ ಮರಗಳ ಸಾಲು. ಪೀಟರ್‌ಜಾನ್ ಮತ್ತು ಕೊರೆಲ್ 1984ರಲ್ಲಿ ಬರೆದ ಪ್ರಕಾರ ಹೊಲದಿಂದ ಇಳಿದು ಬಂದ ಸಾರಜನಕದ ಹತ್ತರಲ್ಲಿ ಸುಮಾರು ಒಂಬತ್ತು ಪಾಲನ್ನು ಆ ಸಾಲು ತಡೆಯಿತು, ಕೆಲವಂಶ ಬೇರುಗಳಿಂದ, ಕೆಲವಂಶ ಮಣ್ಣಿನ ಉಸಿರಿನಿಂದ. ಇಂಥ ತಡೆ ನಮಗೂ ಬೇಕು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಿಂದ ತೆಗೆದ ಅಂತರ್ಜಲ ಮಾದರಿಗಳ ಹತ್ತಿರ ಹತ್ತಿರ ಅರ್ಧದಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮಿತಿಯನ್ನು ಮೀರಿತ್ತು. ಇಂಥ ನೀರಿನಿಂದ ಎಳೆಗೂಸುಗಳ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಯಾಗುತ್ತದೆ ಎಂದು 1945ರಲ್ಲೇ ಕಾಮ್ಲಿ ಎಂಬ ವೈದ್ಯರು ಬರೆದಿದ್ದರು. ಬಂಡೆಯ ಬಿರುಕಿಗೆ ಇಳಿದುಹೋದ ನೈಟ್ರೇಟನ್ನು ಉಸಿರಾಡಬೇಕಾದ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಉಣ್ಣಲು ಕೊಳೆತ ಎಲೆಯಿಲ್ಲ. ಹಿಡಿಯುವುದಾದರೆ ಮೇಲೆಯೇ, ಬೇರು ಮತ್ತು ಎಲೆ ಇರುವ ಮಣ್ಣಿನಲ್ಲೇ ಹಿಡಿಯಬೇಕು.

ತೋಟದಿಂದ ಹಳ್ಳದವರೆಗಿನ ಮರ ಕಡಿದು ಇನ್ನೆರಡು ಸಾಲು ಅಡಿಕೆ ಸಸಿ ಇಡುವವರನ್ನು ನೋಡಿದಾಗಲೆಲ್ಲ ನಾನು ಈ ಮೇರಿಲ್ಯಾಂಡಿನ ಮಾತು ಎತ್ತುತ್ತೇನೆ. ಜೊತೆಗೆ ಬಸಿಗಾಲುವೆಯದ್ದೂ. ಕಾಲುವೆಯನ್ನು ನೆಟ್ಟಗೆ ಹಳ್ಳಕ್ಕೆ ಬಿಟ್ಟರೆ ನೀರು ಮರಗಳ ಕೆಳಗಿನ ಮಣ್ಣನ್ನು ತಾಕದೆ ಹಾರಿಹೋಗುತ್ತದೆ, ಎಷ್ಟು ಅಗಲದ ಸಾಲಿದ್ದರೂ ಪ್ರಯೋಜನವಿಲ್ಲ. ಕಾಲುವೆಯ ಬಾಯಿ ಹಳ್ಳಕ್ಕೆ ಮೊದಲೇ, ಮರಗಳಿರುವ ತಗ್ಗಿನಲ್ಲಿ ನಿಲ್ಲಬೇಕು. ಅಲ್ಲಿ ನೀರು ಹರಡಿಕೊಂಡು, ದರಕಿನ ಅಡಿಗೆ ಇಂಗಿ, ನಿಧಾನವಾಗಿ ಹಳ್ಳ ಸೇರುತ್ತದೆ. ಆ ತಗ್ಗಿನ ದರಕನ್ನು ಮಾತ್ರ ಗುಡಿಸಬೇಡಿ ಎಂದು ಕೇಳಿಕೊಳ್ಳುತ್ತೇನೆ. ಗೊಬ್ಬರಗುಂಡಿಗೆ ಬೇಕಾದದ್ದು ಮೇಲಿನ ಬೆಟ್ಟದಲ್ಲಿ ಸಿಗುತ್ತದೆ.